ಮೊಮ್ಮಗನ ಮೈಗೆ ಇಪ್ಪತ್ತು ಪೌಂಡ್

ಇಪ್ಪತ್ತು ಪೌಂಡ್ ಅಂದರೆ ನಮ್ಮ ಲೆಕ್ಕಕ್ಕೆ ಒಂಬತ್ತು ಕೆ.ಜಿ. ಅಷ್ಟನ್ನು ನನ್ನ ಮೊಮ್ಮಗ ಒಂದೇ ಚಳಿಗಾಲದಲ್ಲಿ ಮೈಗೆ ಹತ್ತಿಸಿಕೊಳ್ಳಬೇಕು, ಅದೂ ಬೊಜ್ಜಲ್ಲ, ಗಟ್ಟಿ ಮಾಂಸಖಂಡ ಎಂದು ಕೋಚ್ ಹೇಳಿದರು. ಹೇಳಿದ್ದು ಅಮೆರಿಕದ ಸೆಂಟರ್‌ವಿಲ್‌ನಲ್ಲಿ, ನನ್ನ ಮಗಳ ಮನೆಯ ಊಟದ ಮೇಜಿನ ಮುಂದೆ ಕುಳಿತು, ನಾನು ಕರಿದಿಟ್ಟ ಕೋಡುಬಳೆಯನ್ನು ಒಂದಾದ ಮೇಲೊಂದು ಮುರಿಯುತ್ತಾ.

ಅವರು ಬಂದಿದ್ದು ನಾರ್ತ್ ಕೆರೊಲೈನಾದಿಂದ. ಶಾರ್ಲೆಟ್ ಹತ್ತಿರದ ಒಂದು ಸಣ್ಣ ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ಅವರು ಕೋಚ್. ನನ್ನ ಮೊಮ್ಮಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ, ಶಾಲೆಯ ತಂಡದಲ್ಲಿ ಪಿಚರ್. ಬ್ಯಾಟು ಹಿಡಿದವನ ಕಡೆಗೆ ಚೆಂಡು ಎಸೆಯುವವನಿಗೆ ಅಲ್ಲಿ ಪಿಚರ್ ಅನ್ನುತ್ತಾರೆ. ಅವನು ಎಸೆಯುವುದನ್ನು ನೀವು ನೋಡಬೇಕಿತ್ತು! ಎಡಗಾಲನ್ನು ಎದೆಯ ಮಟ್ಟಕ್ಕೆ ಎತ್ತಿ, ಕೈಯನ್ನು ಬೆನ್ನ ಹಿಂದೆ ಅಷ್ಟು ದೂರ ಒಯ್ದು ಬೀಸಿದರೆ ಚೆಂಡು ನನ್ನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ, ಆ ತುದಿಯಲ್ಲಿ ಗ್ಲೌಸಿಗೆ ಬಡಿದ ಸದ್ದು ಮಾತ್ರ ಕೇಳುತ್ತಿತ್ತು. ಆದರೆ ಆಳು ನುಗ್ಗೇಕಾಯಿ. ಉದ್ದ ಉಂಟು, ಸುತ್ತಳತೆ ಇಲ್ಲ.

ಮಗಳು ಕೋಚ್ ಮಾತನ್ನು ನನಗೆ ಕನ್ನಡದಲ್ಲಿ ಹೇಳಿದಳು. "ಕೈ ಚೆನ್ನಾಗಿದೆಯಂತೆ ಅಮ್ಮ, ಬಾಡಿ ಸಾಲದಂತೆ. ಮಾರ್ಚ್‌ನಲ್ಲಿ ಇವನು ಅವರ ಕಾಲೇಜಿಗೆ ಹೋಗಿ ಎಸೆದು ತೋರಿಸಬೇಕಂತೆ. ಅಷ್ಟರೊಳಗೆ ಟ್ವೆಂಟಿ ಪೌಂಡ್ಸ್ ಮಸಲ್ ಹಾಕ್ಕೊಂಡ್ರೆ ತಗೋತಾರಂತೆ."

"ಅಷ್ಟೇನಾ?" ಅಂದೆ ನಾನು.

ಆ ಕಾಲೇಜಿನ ತಂಡ ಅಂದರೆ ಮೊಮ್ಮಗನಿಗೆ ಪ್ರಾಣ. ಬೇರೆ ಯಾವ ಕೋಚೂ ಇವನ ಕಡೆ ತಿರುಗಿ ನೋಡಿರಲಿಲ್ಲ. ಇವರೊಬ್ಬರು ಬೇಡ ಅಂದರೆ ಹೈಸ್ಕೂಲು ಮುಗಿದ ದಿನವೇ ಅವನ ಆಟವೂ ಮುಗಿದ ಹಾಗೆ. ಅವನು ಮೇಜಿನ ಆ ಕಡೆಯಿಂದ ನನ್ನ ಮುಖ ನೋಡಿದ. ನನಗೋ ಸಂತೋಷ ಹೊಟ್ಟೆಯಲ್ಲಿ ಹಿಡಿಸದು. ಮೈಸೂರಿನಲ್ಲಿ ನಾನು ವರ್ಷಗಟ್ಟಲೆ ಒಂದು ಗರಡಿಯ ಪೈಲ್ವಾನರಿಗೆ ಅಡಿಗೆ ಮಾಡಿ ಹಾಕಿದವಳು. ಹೆಂಗಸರು ಗರಡಿಯೊಳಗೆ ಕಾಲಿಡುವಂತಿಲ್ಲ. ಹಿಂದಿನ ಜಗುಲಿಯಲ್ಲಿ ಬಡಿಸುತ್ತಿದ್ದೆ. ಸಣಕಲಾಗಿ ಬಂದವರು ದಸರಾ ಕುಸ್ತಿಯ ಹೊತ್ತಿಗೆ ಕಂಬದ ಹಾಗಾಗುವುದನ್ನು ಕಂಡಿದ್ದೆ. ಮಗಳ ಮನೆಗೆ ಬಂದ ಮೇಲೆ ಡಿಶ್‌ವಾಷರಿಗೆ ತಟ್ಟೆ ಜೋಡಿಸುವುದು ಬಿಟ್ಟು ನನಗೆ ಬೇರೆ ಕೆಲಸವಿರಲಿಲ್ಲ. ಈಗ ಕೆಲಸವೇ ಮನೆಗೆ ನಡೆದು ಬಂದು ಕೋಡುಬಳೆ ತಿನ್ನುತ್ತಿದೆ!

ಮಾರನೆಯ ದಿನವೇ ಕಾಲು ಸೂಪಿಗೆ ಇಟ್ಟೆ. ಆಡಿನ ಕಾಲು ಸಿಗಲಿ ಎಂದು ಮಗಳನ್ನು ಆಫೀಸಿನಿಂದ ನೇರ ಹಲಾಲ್ ಅಂಗಡಿಗೆ ಓಡಿಸಿದ್ದೆ. ಅವಳು ಆಫೀಸಿರುವ ರೆಸ್ಟನ್‌ನಿಂದ ಟ್ರಾಫಿಕ್‌ನಲ್ಲಿ ಒದ್ದಾಡಿ ತಂದಳು. ಕೊತಕೊತ ಕುದಿಸಿ, ಮೆಣಸು ಜಜ್ಜಿ ಹಾಕಿ, ಬಟ್ಟಲಿಗೆ ಬಗ್ಗಿಸಿ ಮುಂದಿಟ್ಟರೆ, ಮೊಮ್ಮಗ ಮೂಗು ಹಿಂದಕ್ಕೆಳೆದುಕೊಂಡ.

"ಅಜ್ಜಿ, ನಾನು ವೆಜಿಟೇರಿಯನ್."

"ಯಾವಾಗಿಂದ?"

"ಲಾಸ್ಟ್ ಇಯರ್. ಅಮ್ಮ ಹೇಳಿಲ್ವಾ?"

ಮಗಳು ಫ್ರಿಜ್ಜಿನ ಬಾಗಿಲ ಹಿಂದೆ ಮುಖ ಮರೆಸಿಕೊಂಡಳು. ನಮ್ಮ ವಂಶದಲ್ಲಿ ಮಾಂಸ ಬಿಟ್ಟವರಿಲ್ಲ. ಬಿಡಲು ಒಬ್ಬ ಹುಟ್ಟಿದ, ಅದೂ ಹಾದಿಗೊಂದು ಹ್ಯಾಂಬರ್ಗರ್ ಅಂಗಡಿ ಇರುವ ಅಮೆರಿಕದಲ್ಲಿ! ಮೊಟ್ಟೆಯನ್ನಾದರೂ ತಿನ್ನುತ್ತೀಯೇನೋ ಎಂದು ಕೇಳಿದೆ. ತಿನ್ನುತ್ತೇನೆ, ಆದರೆ ಅದು ಮೊಟ್ಟೆಯ ಹಾಗೆ ಕಾಣಬಾರದು ಅಂದ. ಆ ಸೂಪನ್ನು ನಾನೂ ಮಗಳೂ ಕುಡಿದು ಮುಗಿಸಿದೆವು.

ಸರಿ, ಹಾಲು, ತುಪ್ಪ, ಕಾಳುಗಳಲ್ಲೇ ಮೈ ಕಟ್ಟೋಣ ಎಂದುಕೊಂಡೆ. ಬಾದಾಮಿ ನೆನೆಸಿ, ಸಿಪ್ಪೆ ಸುಲಿದು, ಗಸಗಸೆ, ಕೊಬ್ಬರಿ ಸೇರಿಸಿ ರುಬ್ಬಿ ಹಾಲಿಗೆ ಹಾಕಿ ಕುದಿಸುವುದು ಗರಡಿಯ ಪದ್ಧತಿ. ಅಲ್ಲಿ ಒರಳಿನಲ್ಲಿ ರುಬ್ಬುತ್ತಿದ್ದೆ. ಇಲ್ಲಿ ಮಿಕ್ಸಿಗೆ ಹಾಕಿದರೆ ತರಿತರಿ. ಇನ್ನೊಂದು ಸಲ ತಿರುಗಿಸಿದರೆ ಮೋಟಾರು ಸುಟ್ಟ ವಾಸನೆ. ಎರಡನೇ ಮಿಕ್ಸಿ ಬಂತು. ಮೊಳಕೆ ಕಟ್ಟಲು ಹುರುಳಿಕಾಳು ನೆನೆಹಾಕಿದರೆ ಆ ಚಳಿಗೆ ಮೊಳಕೆ ಬರಲೊಲ್ಲದು. ಬಟ್ಟೆಯಲ್ಲಿ ಸುತ್ತಿ ಬಿಸಿಗಾಳಿ ಬರುವ ಜಾಲರಿಯ ಮೇಲಿಟ್ಟು ಮೊಳಕೆ ಬರಿಸಿದೆ. ಮನೆಯೆಲ್ಲ ಹುರುಳಿಯ ವಾಸನೆ ಹರಡಿ ಅಳಿಯ ಸೀನಿದರು. ಅಳಿಯನಿಗೆ ಅಟ್ಲಾಂಟಾದಲ್ಲಿ ಪ್ರಾಜೆಕ್ಟು, ವಾರವಿಡೀ ಅಲ್ಲಿ, ಶನಿವಾರ ಭಾನುವಾರ ಮಾತ್ರ ಇಲ್ಲಿ. ಅಲ್ಲಿಂದಲೂ ದಿನಾ ಸಂಜೆ ಫೋನ್ ಮಾಡಿ, "ಅತ್ತೆ, ಸ್ಕೋರ್ ಎಷ್ಟು?" ಅನ್ನುತ್ತಿದ್ದರು, ಕ್ರಿಕೆಟ್ ಮ್ಯಾಚಿನ ಹಾಗೆ.

ಊಟದ ಹೊತ್ತೇ ದೊಡ್ಡ ತಲೆನೋವು. ಪೈಲ್ವಾನರು ಬೆಳಿಗ್ಗೆ ಸಾಮು ಮಾಡಿ, ಉಂಡು, ಮಧ್ಯಾಹ್ನ ಗೊರಕೆ ಹೊಡೆಯುತ್ತಾರೆ. ಆ ನಿದ್ದೆಯಲ್ಲೇ ಮೈ ಬರುವುದು. ಇವನು ಕತ್ತಲಿರುವಾಗಲೇ ಶಾಲೆಯ ಹಳದಿ ಬಸ್ಸು ಹತ್ತುತ್ತಾನೆ. ಮುದ್ದೆ ಕಟ್ಟಿಕೊಡಲೇ ಅಂದರೆ "ನೋ, ಅಜ್ಜಿ, ಪ್ಲೀಸ್" ಅನ್ನುತ್ತಾನೆ. ತುಪ್ಪ ಸವರಿದ ಚಪಾತಿಯೊಳಗೆ ಪಲ್ಯ ಸುತ್ತಿ ಬೆಳ್ಳಿ ಹಾಳೆಯಲ್ಲಿ ಮಡಿಸಿ ಕೊಟ್ಟರೆ, ಅರ್ಧ ಗೆಳೆಯರ ಪಾಲು. ಒಂದು ದಿನ ಬಂದು, "ಅಜ್ಜಿ, ನಾಳೆ ಸಿಕ್ಸ್ ಚಪಾತಿ ಬೇಕು. ಕ್ಯಾಚರ್‌ಗೂ ಬೇಕಂತೆ," ಅಂದ. ಕ್ಯಾಚರ್ ಅಂದರೆ ಇವನು ಎಸೆದದ್ದನ್ನು ಹಿಡಿಯುವವನು. ಇವನ ಮೈ ಬೆಳೆಸಲು ಹೊರಟು ನಾನು ಊರವರ ಮೈ ಬೆಳೆಸುತ್ತಿದ್ದೆ!

ಬರೀ ತಿಂದರೆ ಮೈ ಗಟ್ಟಿಯಾದೀತೇ? ಬೇಸ್‌ಮೆಂಟಿನಲ್ಲಿ ಅವನಿಗೆ ದಂಡೆ, ಬಸ್ಕಿ ಹೇಳಿಕೊಟ್ಟೆ. ಅಂಗೈ ಊರಿ ಎದೆಯನ್ನು ನೆಲಕ್ಕೆ ಇಳಿಸಿ ಎತ್ತುವುದು ದಂಡೆ. ಕೂತು ಏಳುವುದು ಬಸ್ಕಿ. ನಮ್ಮ ಯಜಮಾನರು ಇದ್ದಾಗ ಮನೆಯಲ್ಲಿ ಹೊಡೆಯುತ್ತಿದ್ದುದನ್ನು ನೋಡಿ ನನಗೆ ಅದರ ಲಯ ಗೊತ್ತಿತ್ತು. ಸೀರೆ ಕಚ್ಚೆ ಹಾಕಿ ನಾನೇ ಎರಡು ಬಸ್ಕಿ ಹೊಡೆದು ತೋರಿಸಿದೆ. ಮೂರನೆಯದಕ್ಕೆ ಏಳಲಾಗಲಿಲ್ಲ. ಮೊಮ್ಮಗ ನಗುತ್ತಾ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ. ಅವನಿಗೆ ಬಸ್ಕಿ ಸೇರಲಿಲ್ಲ, ದಂಡೆ ಸೇರಿತು. ದಂಡೆ ಹೊಡೆದರೆ ಎದೆ ತೋಳು ಕನ್ನಡಿಯಲ್ಲಿ ಕಾಣುತ್ತವಲ್ಲ! ನನಗೂ ಅದನ್ನೇ ನೋಡಿ ಆನಂದ. ಅಂಗಿ ತೋಳಲ್ಲಿ ಬಿಗಿಯಿತು. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಬಚ್ಚಲುಮನೆಯ ತೂಕದ ಮೆಷಿನ್ನು ಹನ್ನೆರಡು ಪೌಂಡ್ ಹೆಚ್ಚು ತೋರಿಸಿತು. ಫೋನಿನಲ್ಲಿ ಅಳಿಯನಿಗೆ ಆ ಸ್ಕೋರನ್ನು ಎರಡೆರಡು ಸಲ ಹೇಳಿದೆ. ಭಾನುವಾರ ಎಣ್ಣೆ ನೀವುವಾಗ ಬೆನ್ನಿನ ಮೂಳೆ ಕೈಗೆ ಸಿಗಲಿಲ್ಲ. ದೃಷ್ಟಿಯಾದೀತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಯ ಮೇಲೆ ಸುಟ್ಟೆ. ಹೊಗೆಗೆ ಮನೆಯ ಅಲಾರಂ ಹೊಡೆದುಕೊಂಡು ಅಕ್ಕಪಕ್ಕದವರೆಲ್ಲ ಹೊರಗೆ ಬಂದರು.

ಚಳಿಗಾಲದ ಮೊದಲ ಅರ್ಧ ಪಿಚರ್‌ಗಳು ಚೆಂಡು ಮುಟ್ಟುವುದಿಲ್ಲ, ಕೈಗೆ ವಿಶ್ರಾಂತಿ. ಜನವರಿಯಲ್ಲಿ ಮತ್ತೆ ಎಸೆಯಲು ಶುರು. ಶಾಲೆಯ ಜಿಮ್ಮಿನಲ್ಲಿ ಒಂದು ಮೂಲೆಗೆ ಬಲೆ ಕಟ್ಟಿದ್ದರು. ವೇಗ ಅಳೆಯುವ ರೇಡಾರ್ ಗನ್ ಅಂತ ಒಂದಿದೆ, ಕೂದಲು ಒಣಗಿಸುವ ಮೆಷಿನ್ನಿನ ಹಾಗೆ ಕಾಣುತ್ತದೆ. ಅದನ್ನು ಕ್ಯಾಚರ್ ಹುಡುಗನ ಅಪ್ಪ ಹಿಡಿದು ನಿಂತರು. ಹಿಂದಿನ ಬೇಸಿಗೆಯಲ್ಲಿ ಇವನ ಚೆಂಡು ಗಂಟೆಗೆ ಎಂಬತ್ತಮೂರು ಮೈಲಿ ಓಡುತ್ತಿತ್ತು. ಈಗ ತೊಂಬತ್ತು ಬರುತ್ತದೆ ಎಂದು ನಾನು ಬಾದಾಮಿ ಬರ್ಫಿ ಡಬ್ಬಿ ಹಿಡಿದು ಕೂತಿದ್ದೆ.

ಬಂದದ್ದು ಎಪ್ಪತ್ತೊಂಬತ್ತು.

ಇನ್ನೊಂದು ಸಲ. ಎಪ್ಪತ್ತೆಂಟು. ಚೆಂಡು ಕ್ಯಾಚರ್‌ನ ತಲೆಯ ಮೇಲೆ ಹಾದು ಗೋಡೆಗೆ ಬಡಿಯಿತು. ಮೊಮ್ಮಗ ಬೆವರೊರೆಸಿಕೊಂಡ. ಮೆಷಿನ್ ಕೆಟ್ಟಿದೆಯೇನೋ ನೋಡಲು ಹೇಳು ಅಂದೆ. "ಮೆಷಿನ್ ಓಕೆ ಅಜ್ಜಿ. ಐ ಆ್ಯಮ್ ನಾಟ್," ಅಂದ. ಬರ್ಫಿ ಡಬ್ಬಿ ತೆಗೆಯಲಿಲ್ಲ.

ಆ ಒಂದು ತಿಂಗಳು ನಾನು ಪಟ್ಟ ಪಾಡು ಯಾರಿಗೂ ಬೇಡ. ಮಗಳು ಕೋಚ್‌ಗೆ ಫೋನ್ ಮಾಡಿದರೆ, ಹೊಸ ಮೈಗೆ ಕೈ ಹೊಂದಿಕೊಳ್ಳಲು ಸಮಯ ಬೇಕು, ತಿನ್ನುವುದನ್ನು ನಿಲ್ಲಿಸಬೇಡಿ ಅಂದರಂತೆ. ಸರಿ ಎಂದು ಹಾಲು ಹೆಚ್ಚಿಸಿದೆ. ತೂಕ ಹದಿನಾಲ್ಕಕ್ಕೆ ಹೋಯಿತು, ವೇಗ ಎಪ್ಪತ್ತೆಂಟರಲ್ಲೇ ನಿಂತಿತು. ಮಗಳು ಅಂಗಡಿಯಿಂದ ಪ್ರೋಟೀನ್ ಪುಡಿಯ ದೊಡ್ಡ ಡಬ್ಬ ತಂದಳು. ಅದನ್ನು ಕುಡಿದು ಅವನಿಗೆ ಹೊಟ್ಟೆ ಉಬ್ಬರ. ನಾನು ಓಮದ ನೀರು ಕುಡಿಸಿದರೆ ಮಗಳಿಗೆ ಸಿಟ್ಟು.

"ಅಮ್ಮ, ನೀನು ಸುಮ್ನೆ ಇರು. ಇದರಲ್ಲಿ ಸೈನ್ಸ್ ಇದೆ."

"ಇರಲಿ ಕಣೇ. ಹೊಟ್ಟೆಯೊಳಗೆ ಹೋಗಿ ಆ ಸೈನ್ಸ್ ಯಾಕೆ ಹಂಗೆ ಗುಡುಗ್ತದೆ?"

ಮೊಮ್ಮಗ ಕೋಣೆಯ ಬಾಗಿಲು ಹಾಕಿಕೊಳ್ಳಲು ಶುರು ಮಾಡಿದ. ಕರೆದರೆ ಬಂದು, ಕೊಟ್ಟದ್ದನ್ನು ಔಷಧಿಯ ಹಾಗೆ ನುಂಗಿ ಹೋಗುತ್ತಿದ್ದ. ಒಂದು ದಿನ ಎಣ್ಣೆ ನೀವುವಾಗ ಬಲಗೈಯನ್ನು ಹಿಂದಕ್ಕೆ ಎಳೆದೆ. "ಆ!" ಎಂದು ಕೈ ಕಿತ್ತುಕೊಂಡ. ನೋವೇನೋ ಅಂದರೆ, ಇಲ್ಲ, ಟೈಟ್ ಅಷ್ಟೇ ಅಂದ. ನನಗೆ ತಡೆಯಲಾಗಲಿಲ್ಲ. ಡಾಕ್ಟರಿಗೆ ತೋರಿಸದೆ ಒಲೆ ಹಚ್ಚುವುದಿಲ್ಲ ಎಂದು ಮಗಳಿಗೆ ಹೇಳಿದೆ.

ನಮ್ಮ ಕನ್ನಡದವರೇ ಒಬ್ಬರು ಮೂಳೆ ಡಾಕ್ಟರು ಹತ್ತಿರದಲ್ಲಿದ್ದರು. ಆ ದೇಶಕ್ಕೆ ಮೊದಮೊದಲು ಬಂದವರ ಪೈಕಿ. ತಲೆ ಬೆಳ್ಳಗಾದರೂ ಶನಿವಾರ ಮನೆಯಲ್ಲೇ ನಮ್ಮವರನ್ನು ನೋಡುತ್ತಿದ್ದರು. ಅವರ ಮನೆಯ ಕಾರ್ಪೆಟ್ಟಿನ ಮೇಲೆ ಮೊಮ್ಮಗನನ್ನು ಅಂಗಾತ ಮಲಗಿಸಿದರು. ಬಲತೋಳನ್ನು ಭುಜದ ನೇರಕ್ಕೆ ಚಾಚಿ, ಮೊಳಕೈಯಲ್ಲಿ ಮಡಿಸಿ, ಅಂಗೈ ಮೇಲ್ಮುಖವಾಗಿ ತಲೆಯ ಕಡೆಗೆ ಹಿಂದಕ್ಕೆ ಬೀಳಿಸು ಅಂದರು.

"ಇನ್ನೂ ಬಿಡು. ನೆಲ ಮುಟ್ಟಬೇಕು."

"ದಟ್ಸ್ ಇಟ್, ಅಂಕಲ್."

ಕೈಗೂ ನೆಲಕ್ಕೂ ನಡುವೆ ಒಂದು ದಿಂಬು ತೂರಿಸಬಹುದಿತ್ತು. ಆಮೇಲೆ ಡಾಕ್ಟರು ಅವನ ಅಂಗಿ ಎತ್ತಿ ಸೊಂಟದ ಪಕ್ಕ ಚಿವುಟಿ ಹಿಡಿದರು. ಬೆರಳ ತುಂಬ ಮಡಿಕೆ ಬಂತು. ನನ್ನ ಕಡೆ ತಿರುಗಿದರು.

"ಅಮ್ಮಾ, ಏನೇನು ಹಾಕಿದ್ರಿ?"

ಹೇಳಿದೆ. ಬಾದಾಮಿ, ಗಸಗಸೆ, ಕೊಬ್ಬರಿ, ತುಪ್ಪ, ದಂಡೆ. ಅವರು ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಗುತ್ತಿದ್ದರು.

"ನಮ್ಮಜ್ಜಿ ನೆನಪಾದ್ರು. ನೋಡಿ, ಈ ವಯಸ್ಸಿನ ಹುಡುಗ ಚೆನ್ನಾಗಿ ಉಂಡು ಚೆನ್ನಾಗಿ ಸಾಮು ಮಾಡಿದ್ರೆ ಒಂದು ಚಳಿಗಾಲಕ್ಕೆ ಐದಾರು ಪೌಂಡ್ ಮಸಲ್ ಬಂದ್ರೆ ಹೆಚ್ಚು. ಇಪ್ಪತ್ತು ಅನ್ನೋದೆಲ್ಲ ಮಾತು. ಮಿಕ್ಕಿದ್ದು ನಿಮ್ಮ ತುಪ್ಪ."

"ತುಪ್ಪವಾದರೇನು ಡಾಕ್ಟ್ರೇ, ಭಾರ ಭಾರವೇ ಅಲ್ವಾ? ನಮ್ಮ ಪೈಲ್ವಾನರು..."

"ಕುಸ್ತಿಗೆ ಸರಿ. ಭಾರ ಇದ್ರೆ ಎದುರಾಳಿ ಮೇಲೆ ಬಿದ್ದು ಅದುಮಬಹುದು. ಇಲ್ಲಿ ಯಾರ ಮೇಲೆ ಬೀಳ್ತಾನಮ್ಮ ಇವನು?"

ಮೊಮ್ಮಗ ಮಲಗಿದಲ್ಲೇ ಕಿಸಕ್ಕೆಂದು ನಕ್ಕ. ಎಷ್ಟೋ ದಿನಕ್ಕೆ ಮೊದಲ ನಗು. ಡಾಕ್ಟರು ಬಿಡಿಸಿ ಹೇಳಿದರು: ಚೆಂಡಿನ ವೇಗ ಕಾಲಿನಿಂದ ಹೊರಟು, ಸೊಂಟದಲ್ಲಿ ತಿರುಗಿ, ಭುಜಕ್ಕೆ ಬರುತ್ತದೆ. ಕೈ ಹಿಂದಕ್ಕೆ ಹೋದಷ್ಟೂ ಬೀಸು ಉದ್ದ. ಇವನು ಬಸ್ಕಿ ಬಿಟ್ಟು ಬರೀ ದಂಡೆ ಹೊಡೆದದ್ದಕ್ಕೆ ಎದೆಯ ಮುಂಭಾಗ ಬಿಗಿದುಕೊಂಡು ಭುಜವನ್ನು ಮುಂದಕ್ಕೆ ಎಳೆದುಬಿಟ್ಟಿದೆ. ಕಾಲು ಸೊಂಟಕ್ಕೆ ಬಂದ ಭಾರ ಉಪಯೋಗಕ್ಕೆ ಬಂದೀತು, ಎದೆಗೆ ಬಂದದ್ದು ಅಡ್ಡ, ಹೊಟ್ಟೆಗೆ ಬಂದದ್ದು ದಂಡ. ಹೀಗೇ ಎಸೆಯುತ್ತಾ ಹೋದರೆ ಮೊಳಕೈಯ ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿದೀತು, ಆಮೇಲೆ ಕತ್ತರಿ ಹಿಡಿಯಬೇಕಾದೀತು ಅಂದರು.

ಮನೆಗೆ ಬಂದು ಅಡಿಗೆಮನೆಯಲ್ಲಿ ನಿಂತಲ್ಲೇ ಮಗಳು ಶುರು ಮಾಡಿದಳು.

"ಡಾಕ್ಟರು ಹೇಳೋದು ಸರಿ ಇರಬಹುದು. ಆದ್ರೆ ಟೀಮಿಗೆ ತಗೊಳ್ಳೋದು ಡಾಕ್ಟರಲ್ಲ, ಕೋಚ್. ಇಪ್ಪತ್ತು ಅಂದಿದ್ದಾರೆ. ಹದಿನಾಲ್ಕರ ತನಕ ಬಂದಿದ್ದೀವಿ. ಈಗ ನಿಲ್ಲಿಸಿದ್ರೆ ಎಲ್ಲಾ ವೇಸ್ಟ್."

"ಎಸೆಯೋಕೆ ಬರದ ಭೀಮನ್ನ ಇಟ್ಕೊಂಡು ಅವರೇನು ಬಂಡಿ ಎಳಸ್ತಾರಾ?" ಅಂದೆ.

"ಅಮ್ಮ, ಮೊದಲು ಅಷ್ಟೇನಾ ಅಂದೋಳು ನೀನೇ!"

ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗ ನಡುವೆ ಬಂದ. "ಅಮ್ಮ. ಇದು ನನ್ನ ಕೈ," ಅಂದ. ಅಷ್ಟೇ ಕನ್ನಡದಲ್ಲಿ. ಮುಂದಿನದ್ದನ್ನು ಇಂಗ್ಲಿಷಿನಲ್ಲಿ ಅಮ್ಮನಿಗೆ ಹೇಳಿದ, ನಿಧಾನವಾಗಿ, ಗದರಿಸದೆ. ಅವಳು ಕೇಳಿ ಕುರ್ಚಿಯಲ್ಲಿ ಕುಸಿದಳು. ಏನಂದ ಅಂತ ಕೇಳಿದೆ.

"ತೂಕ ಇಲ್ಲ ಅಂತ ಬೇಡ ಅಂದ್ರೆ ತಡ್ಕೋತಾನಂತೆ. ಎಸೆಯೋಕೆ ಬರಲ್ಲ ಅಂತ ಬೇಡ ಅನ್ನಿಸ್ಕೊಳ್ಳೋದು ತಡ್ಕೊಳ್ಳಲ್ವಂತೆ."

ಅವತ್ತಿನಿಂದ ಬಾದಾಮಿ ಹಾಲು ಬಂದ್. ತುಪ್ಪದ ಜಾಡಿ ಮೇಲಿನ ಕಪಾಟಿಗೆ ಹೋಯಿತು. ಕೊಡುವ ಕೈಯನ್ನು ಹಿಡಿದುಕೊಳ್ಳುವುದು ಎಂಥ ಸಂಕಟ ಅಂತೀರಿ! ಮುಂದೆ ಕೂತು ಹಸಿವು ಅಂದರೆ ಬರೀ ಕಾಳಿನ ಉಸಲಿ, ಮೊಸರು, ಮೊಟ್ಟೆಯ ಹಾಗೆ ಕಾಣದ ಮೊಟ್ಟೆ. ದಂಡೆ ನಿಂತಿತು, ಬಸ್ಕಿ ನಡೆಯಿತು. ಡಾಕ್ಟರು ತೋರಿಸಿದ ಹಾಗೆ ಬಾಗಿಲ ಚೌಕಟ್ಟಿಗೆ ಮೊಳಕೈ ಊರಿ ಎದೆ ಬಿಡಿಸಿಕೊಳ್ಳುವುದು, ರಬ್ಬರ್ ಪಟ್ಟಿ ಎಳೆಯುವುದು, ಹಿಮ ಸರಿಸಿದ ದಿಬ್ಬದ ರಸ್ತೆಯಲ್ಲಿ ಓಡುವುದು. ತೂಕ ಇಳಿಯತೊಡಗಿತು. ಮೆಷಿನ್ನಿನ ಮುಳ್ಳು ಒಂದೊಂದು ಗೀಟು ಹಿಂದೆ ಬಂದಾಗಲೂ ನನಗೆ ಒಂದು ಲೋಟ ಬಾದಾಮಿ ಹಾಲು ಚೆಲ್ಲಿದ ಹಾಗಾಗುತ್ತಿತ್ತು. ಅಷ್ಟೂ ನಾನು ನಿಂತು ಕಲಸಿ ಹಾಕಿದ್ದಲ್ಲವೇ? ಅಳಿಯ ಸ್ಕೋರ್ ಕೇಳುವುದನ್ನು ಬಿಟ್ಟರು.

ಆದರೆ ಕೈ ಸಡಿಲವಾಗುತ್ತಾ ಬಂತು. ಕಾರ್ಪೆಟ್ಟಿನ ಮೇಲೆ ಮಲಗಿಸಿ ನಾನೇ ನೋಡುತ್ತಿದ್ದೆ. ದಿಂಬಿನಷ್ಟಿದ್ದ ಸಂದು ಚಪಾತಿ ಡಬ್ಬಿಯಷ್ಟಾಯಿತು, ಲಟ್ಟಣಿಗೆಯಷ್ಟಾಯಿತು, ಫೆಬ್ರವರಿ ಮುಗಿಯುವ ಹೊತ್ತಿಗೆ ಬೆರಳು ನೆಲ ಸವರಿತು. ಚೆಂಡು ಮತ್ತೆ ಎಂಬತ್ತಮೂರಕ್ಕೆ ಬಂತು. ಕೊನೆಯ ವಾರ ಒಂದೆರಡು ಸಲ ಎಂಬತ್ತೈದು ಎಂದು ಕ್ಯಾಚರ್‌ನ ಅಪ್ಪ ಕೂಗಿದರು. ಮೈಯಲ್ಲಿ ಉಳಿದದ್ದು ಏಳು ಪೌಂಡ್, ಹೆಚ್ಚಿನದು ತೊಡೆಗೆ.

ಮಾರ್ಚ್‌ನಲ್ಲಿ ಶಾರ್ಲೆಟ್‌ಗೆ ಹೊರಟೆವು. ಇಡೀ ದಿನದ ದಾರಿ. ಕಾಲೇಜಿನ ಮೈದಾನದ ಪಕ್ಕದ ಕೋಣೆಯಲ್ಲಿ ಕೋಚ್ ಕೈಕುಲುಕಿ, ಮಾತಿಗೆ ಮೊದಲು ಮಾಡಿಸಿದ ಕೆಲಸ ಅಂದರೆ ತೂಕದ ಮೆಷಿನ್ ಹತ್ತಿಸಿದ್ದು. ಮುಳ್ಳು ನಿಂತಿತು. ಕೋಚ್ ಮುಖ ಇಳಿಯಿತು. ಮೊಮ್ಮಗ ಕಿವಿಯವರೆಗೂ ಕೆಂಪಾದ, ಆದರೆ ತಲೆ ತಗ್ಗಿಸಲಿಲ್ಲ. "ಸೆವೆನ್, ಸರ್," ಅಂದ.

ಎಸೆದ. ನನ್ನಪ್ಪ, ಹೇಗೆ ಎಸೆದ! ಕಾಲು ಎತ್ತಿದ್ದು, ಸೊಂಟ ತಿರುಗಿದ್ದು, ಕೈ ಹಿಂದೆ ಹೋಗಿ ಹೋಗಿ ಮುಂದೆ ಬಂದದ್ದು. ಎತ್ತರಕ್ಕೆ ಹಾದದ್ದು ಒಂದೂ ಇಲ್ಲ. ಆ ತಂಡದ ಕ್ಯಾಚರ್ ಗ್ಲೌಸ್ ತೆಗೆದು ಅಂಗೈ ಉಜ್ಜಿಕೊಂಡ. ನಾನು ಬೇಲಿಯ ಕಂಬಿ ಹಿಡಿದು ನಿಂತಿದ್ದೆ. ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು. ಕೋಚ್ ರೇಡಾರ್ ನೋಡಿದರು, ಯಾರಿಗೂ ತೋರಿಸಲಿಲ್ಲ. ಕೊನೆಗೆ ಬಂದು, ಫೋನ್ ಮಾಡುತ್ತೇವೆ ಅಂದರು. ಅಷ್ಟೇ! ಹೂಂ ಇಲ್ಲ, ಊಹೂಂ ಇಲ್ಲ. ವಾಪಸ್ ಬರುವ ದಾರಿಯುದ್ದಕ್ಕೂ ಆ ಮನುಷ್ಯನನ್ನು ನಾನು ಮೈಸೂರಿನ ಮಾತಿನಲ್ಲಿ ಬೈದೆ. ಮೊಮ್ಮಗ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು, "ಅಜ್ಜಿ, ಆ ವರ್ಡ್‌ಗೆ ಮೀನಿಂಗ್ ಏನು?" ಎಂದು ಕೇಳುತ್ತಿದ್ದ. ಮಗಳು, "ಹೇಳಬೇಡ ಅಮ್ಮ," ಅನ್ನುತ್ತಿದ್ದಳು.

ಏಪ್ರಿಲ್ ಬಂತು, ಫೋನ್ ಬರಲಿಲ್ಲ. ಸಂಜೆ ಫೋನ್ ಹೊಡೆದುಕೊಂಡರೆ ಮೂವರೂ ಓಡುವುದು, ಆ ಕಡೆ ಅಳಿಯ ಇರುವುದು, ಮೂವರೂ ಅವರ ಮೇಲೆ ರೇಗುವುದು. ನನ್ನ ವಾಪಸ್ ಟಿಕೆಟ್ಟಿನ ದಿನ ಹತ್ತಿರ ಬಂದು, ಸೂಟ್‌ಕೇಸು ಹಾಸಿಗೆಯ ಮೇಲೆ ಬಾಯಿ ತೆರೆದು ಕೂತಿತ್ತು.

ಒಂದು ಮಧ್ಯಾಹ್ನ ಮೊಮ್ಮಗ ಶಾಲೆಯಿಂದ ಬಂದು ಷೂ ಬಿಚ್ಚುವಷ್ಟರಲ್ಲಿ ಫೋನ್ ಬಂತು. ಅಡಿಗೆಮನೆಯ ಗೋಡೆಗೆ ಒರಗಿ ಎತ್ತಿಕೊಂಡ. "ಯೆಸ್ ಸರ್, ಯೆಸ್ ಸರ್" ಅನ್ನುತ್ತಾ ಸುರುಳಿ ವೈರನ್ನು ಬೆರಳಿಗೆ ಸುತ್ತಿಕೊಂಡ. ಅವನ ಮುಖ ಬಿಚ್ಚಿಕೊಳ್ಳುವುದನ್ನು ಕಂಡೆ. ರಿಸೀವರನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದ, ಕಣ್ಣು ತುಂಬಿತ್ತು.

"ತಗೊಂಡ್ರು ಅಜ್ಜಿ. ಐ ಆ್ಯಮ್ ಇನ್!"

ನಾನು ಕೂಗಿದ ಕೂಗಿಗೆ ಒಲೆಯ ಮೇಲಿನ ಮುಚ್ಚಳ ಬಿತ್ತು. ಅವನು ತುಟಿಯ ಮೇಲೆ ಬೆರಳಿಟ್ಟ, ಫೋನ್ ಇನ್ನೂ ಮುಗಿದಿರಲಿಲ್ಲ. ಮತ್ತೆ ಕಿವಿಗೆ ಹಿಡಿದು ಕೇಳಿದ. ಕೇಳುತ್ತಾ ಕೇಳುತ್ತಾ ತುಟಿಯ ಅಂಚಿನಲ್ಲಿ ನಗು ತಡೆದುಕೊಂಡ.

"ಅಜ್ಜಿ, ಕೋಚ್ ಹೇಳ್ತಾ ಇದ್ದಾರೆ, ಆಗಸ್ಟ್‌ಗೆ ಬರೋವಾಗ ಇನ್ನೂ ಟೆನ್ ಪೌಂಡ್ಸ್ ಬೇಕಂತೆ."

ಕೇಳಿದಿರಾ? ಅಷ್ಟೆಲ್ಲ ಆದ ಮೇಲೆ, ಇವನು ಎಸೆದದ್ದನ್ನು ಕಣ್ಣಾರೆ ನೋಡಿದ ಮೇಲೆ, ಇನ್ನೂ ಹತ್ತು ಪೌಂಡ್!

"ಅವರಿಗೆ ಹೇಳು," ಅಂದೆ, "ಅಡಿಗೆಯವಳು ಕೆಲಸ ಬಿಟ್ಟು ಊರಿಗೆ ಹೊರಟಳು ಅಂತ."

ಅವನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಆ ಕಡೆಯ ನಗು ನನ್ನವರೆಗೂ ಕೇಳಿಸಿತು. ನಗಲಿ. ನಾನೇನೂ ತಮಾಷೆಗೆ ಹೇಳಿರಲಿಲ್ಲ.